ಸೊಳ್ಳೆ ರೇಸು

ಕೌಂಟರಿನ ಮೇಲೆ ಬಿಡಿಸಿಟ್ಟ ಕಪ್ಪು ಲೆದರ್ ಸೂಟನ್ನು ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಕತ್ತಿನಿಂದ ಹೊಟ್ಟೆಯವರೆಗೆ ಒಂದೇ ನೇರಕ್ಕೆ ಸೀಳು. ರಸ್ತೆಗೆ ಉಜ್ಜಿ ಹರಿದ ಲೆದರು ನಾಯಿ ಕಚ್ಚಿ ಎಳೆದ ಹಾಗೆ ಒರಟಾಗಿರುತ್ತದೆ. ಇದು ಕತ್ತರಿಯ ಕೆಲಸ. ಒಳಗಿದ್ದ ಮನುಷ್ಯನನ್ನು ಹೊರತೆಗೆಯಲು ಆಂಬುಲೆನ್ಸಿನವರು ಕತ್ತರಿಸಿದ್ದು.

ಬೈಕ್ ರೇಸಿನವರಿಗೆ ಸೂಟು ಹೊಲಿಯುವ ಅವಳ ಅಂಗಡಿಗೆ ಆಗೊಮ್ಮೆ ಈಗೊಮ್ಮೆ ಇಂಥವೂ ಬರುತ್ತಿದ್ದವು. ಸತ್ತವನ ಅಣ್ಣನೋ ಮಾವನೋ ತರುತ್ತಿದ್ದರು. ಮನೆಯಲ್ಲಿಟ್ಟುಕೊಳ್ಳಲಾಗದು, ಎಸೆಯಲು ಮನಸ್ಸು ಬಾರದು.

ಅವಳು ದನಿ ತಗ್ಗಿಸಿ ಕೇಳಿದಳು, "ಅವರು ನಿಮಗೆ ಏನಾಗಬೇಕಿತ್ತು?"

"ಯಾರು?"

"ಇದನ್ನ ಹಾಕ್ಕೊಂಡಿದ್ದವರು. ತೀರಿಕೊಂಡವರು."

ಎದುರಿಗಿದ್ದವನು ಸೂಟನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಆಮೇಲೆ ಅಂಗೈಯನ್ನು ಎದೆಯ ಮೇಲಿಟ್ಟು, ಏನನ್ನೋ ಹುಡುಕುವವನಂತೆ ತಲೆ ಓರೆ ಮಾಡಿದ. "ನಾನೇ ಅದು. ಸದ್ಯಕ್ಕಂತೂ ಇದ್ದೀನಿ ಅನ್ಸುತ್ತೆ."

ಅವಳ ಮುಖ ಕಿವಿಯವರೆಗೆ ಕೆಂಪಾಯಿತು. ಮುಚ್ಚಿಕೊಳ್ಳಲು ಸೂಟಿನ ತೋಳನ್ನು ಸುಮ್ಮನೆ ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಅವನು ನಗದೇ ಇರಲು ಪಡುತ್ತಿದ್ದ ಕಷ್ಟ ಅವನ ಮೀಸೆಯ ತುದಿಯಲ್ಲಿ ಕಾಣುತ್ತಿತ್ತು.

ಬೀದಿಯ ಕೊನೆಯಲ್ಲಿದ್ದ ಡ್ರೈವಿಂಗ್ ಸ್ಕೂಲು ಅವನದು. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಒಂದು ಕಾಲದಲ್ಲಿ ಸಾವಿರ ಸಿಸಿಯ ದೊಡ್ಡ ಬೈಕಿನಲ್ಲಿ ರೇಸಿಗೆ ಹೋಗುತ್ತಿದ್ದವನು. ಬಿದ್ದ ಮೇಲೆ ಬಲಗಾಲು ಸ್ವಲ್ಪ ಎಳೆಯುತ್ತಿತ್ತು.

"ಇದು ನನಗೆ ಬೇಡ," ಎಂದ. "ಬೇರೆ ಬೇರೆ ಅಳತೆಯವರು ಒಬ್ಬರಾದ ಮೇಲೆ ಒಬ್ಬರು ಹಾಕ್ಕೊಳ್ಳೋ ಹಾಗೆ ಮಾಡಿಕೊಡ್ತೀರಾ?"

"ಇದು ಲೆದರ್ ಸೂಟು ಮೇಷ್ಟ್ರೇ, ಲಾಡ್ಜಿನ ಹಾಸಿಗೆ ಅಲ್ಲ."

ಈ ಸಲ ಅವನು ನಕ್ಕೇಬಿಟ್ಟ. ನಕ್ಕು ಮುಗಿಸಿ, ಸ್ಟೂಲು ಎಳೆದುಕೊಂಡು ಕೂತು, ತನ್ನ ತಲೆಯಲ್ಲಿದ್ದುದನ್ನೆಲ್ಲ ಹೇಳಿದ.

ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಈಗ ದೊಡ್ಡ ಬೈಕುಗಳದ್ದೇ ದರ್ಬಾರು. ದುಡ್ಡಿದ್ದವರು ತರುತ್ತಾರೆ, ಅದರಲ್ಲಿ ಕೆಲವರು ಸಾಯುತ್ತಾರೆ. ಅವನಿಗೆ ನೂರೈವತ್ತು ಸಿಸಿಯ ಸಣ್ಣ ಬೈಕುಗಳಿಗೆಂದೇ ಒಂದು ಬೇರೆ ರೇಸು ಶುರುಮಾಡಬೇಕಿತ್ತು. ಜನ ದಿನಾ ಕೆಲಸಕ್ಕೆ ಹೋಗಿಬರುವ ಗಾಡಿ. ಶನಿವಾರ ಕನ್ನಡಿ, ಇಂಡಿಕೇಟರು ಬಿಚ್ಚಿಟ್ಟು ರೇಸು ಮಾಡುವುದು, ಸೋಮವಾರ ಮತ್ತೆ ಕನ್ನಡಿ ಹಾಕಿಕೊಂಡು ಕೆಲಸಕ್ಕೆ ಹೋಗುವುದು. ಟ್ರ್ಯಾಕು ನಡೆಸುವ ಕ್ಲಬ್ಬಿನ ಸೆಕ್ರೆಟರಿ ಅದಕ್ಕೆ 'ಸೊಳ್ಳೆ ರೇಸು' ಎಂದು ಹೆಸರಿಟ್ಟು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದನಂತೆ. ಹತ್ತು ಜನ ಸವಾರರನ್ನು ತೋರಿಸಿದರೆ ನೋಡೋಣ ಎಂದಿದ್ದನಂತೆ.

"ಗಾಡಿ ಎಲ್ಲರ ಹತ್ರಾನೂ ಇದೆ. ಸೂಟಿಗೆ ಮಾತ್ರ ಗಾಡಿಗಿಂತ ಜಾಸ್ತಿ ಆಗುತ್ತೆ. ಅಲ್ಲಿಗೇ ಎಲ್ಲರೂ ಹಿಂದೆ ಸರೀತಾರೆ."

"ಅದಕ್ಕೆ ನಿಮ್ಮ ಹಳೇ ಚರ್ಮ ಕೊಡ್ತಿದ್ದೀರಿ."

"ಹೊಸ ಚರ್ಮ ಬಂದಿದೆಯಲ್ಲ," ಎಂದು ಅವನು ತೋಳಿನ ಮೇಲಿನ ಹೊಳೆಯುವ ಗಾಯದ ಕಲೆ ತೋರಿಸಿದ.

ಹಾಗೆ ಶುರುವಾಯಿತು.

ಸೊಂಟಕ್ಕೂ ಭುಜಕ್ಕೂ ಹಿಗ್ಗುವ ಪಟ್ಟಿ ಕೂರಿಸಿದರೆ ಒಂದು ಸೂಟು ಹಲವರಿಗೆ ಆಗುತ್ತದೆಂದು ಅವಳು ಲೆಕ್ಕ ಹಾಕಿದಳು. ಮೊದಲ ಸೂಟಿಗೆ ಅವನದೇ ಅಳತೆ ತೆಗೆದಳು. ಟೇಪು ಎದೆಯ ಸುತ್ತ ಬಂದಾಗ ಅವನು ಕಂಬದಂತೆ ನಿಂತುಬಿಟ್ಟ.

"ಉಸಿರಾಡಿ ಮೇಷ್ಟ್ರೇ. ಉಸಿರು ಹಿಡಿದ ಅಳತೆಗೆ ಹೊಲಿದ್ರೆ ಹಾಕ್ಕೊಂಡಾಗ ಉಸಿರೇ ಬರಲ್ಲ."

"ನೀವು ಸ್ವಲ್ಪ ದೂರ ನಿಂತ್ರೆ ಆಡ್ತೀನಿ."

"ದೂರ ನಿಂತು ಅಳತೆ ತೆಗೆಯೋಕೆ ನಾನೇನು ಭೂಮಿ ಸರ್ವೇ ಮಾಡೋಳಾ?"

ಅವಳು ತಲೆ ಎತ್ತಲಿಲ್ಲ. ಎತ್ತದಿದ್ದರೂ ಅವನ ನೋಟ ತನ್ನ ನೆತ್ತಿಯ ಮೇಲೆ ಬಿಸಿಲಿನಂತೆ ಕೂತಿರುವುದು ಗೊತ್ತಾಗುತ್ತಿತ್ತು. ಟೇಪಿನ ಅಂಕಿಯನ್ನು ಎರಡು ಸಲ ಓದಿದಳು. ಎರಡು ಸಲವೂ ಮರೆತಳು.

ಹಳೆಯ ಸೂಟುಗಳನ್ನು ಹುಡುಕಿಕೊಂಡು ಇಬ್ಬರೂ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮನೆ ಮನೆ ತಿರುಗಿದರು. ಕಲಿಸುವವನ ಸೀಟಿನ ಕೆಳಗೂ ಒಂದು ಬ್ರೇಕಿರುವ ಕಾರು ಅದು. ಆ ಸೀಟಿನಲ್ಲಿ ಕೂತ ಅವಳು, ಎದುರಿಂದ ಲಾರಿ ಕಂಡರೆ ಸಾಕು, ತಾನೇ ಬ್ರೇಕು ಒತ್ತಿಬಿಡುತ್ತಿದ್ದಳು.

"ಮೇಡಂ, ಗಾಡಿ ಓಡಿಸ್ತಿರೋದು ನಾನು."

"ಅದೇ ಭಯ ನನಗೆ."

ಆದರೆ ಆ ಮನೆಗಳ ಒಳಗೆ ಹೋದ ಮೇಲೆ ನಗು ಉಳಿಯುತ್ತಿರಲಿಲ್ಲ. ಒಂದು ಮನೆಯಲ್ಲಿ ಮಗನನ್ನು ಕಳೆದುಕೊಂಡ ತಂದೆ ಬೀರುವಿನಿಂದ ನೀಲಿ ಸೂಟು ತೆಗೆದ. ಅದು ಹರಿದಿರಲೇ ಇಲ್ಲ. ಹೊಸದಾಗಿಯೇ ಇತ್ತು. ಮಗ ಹೊಸತು ಬೇಡವೆಂದು ಅವತ್ತು ಹಳೆಯದನ್ನೇ ಹಾಕಿಕೊಂಡು ಹೋಗಿದ್ದನಂತೆ. ತಂದೆ ಅದನ್ನು ಕೊಡುವ ಮುನ್ನ ಒಮ್ಮೆ ಬಿಗಿಯಾಗಿ ಹಿಡಿದುಕೊಂಡ.

"ಇದನ್ನ ಯಾರು ಹಾಕ್ಕೊಳ್ತಾರಪ್ಪ?"

"ನಿಧಾನವಾಗಿ ಹೋಗೋರು ಸಾರ್," ಎಂದ ಮೇಷ್ಟ್ರು.

ವಾಪಸು ಬರುವಾಗ ಅವನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಅವನ ಕೈ ಗೇರನ್ನು ಬಿಗಿಯಾಗಿ ಹಿಡಿದಿತ್ತು. ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು. ಮುಂದಿನ ಸಿಗ್ನಲ್ಲಿನವರೆಗೂ ಅವನು ಗೇರು ಬದಲಾಯಿಸಲೇ ಇಲ್ಲ. ಎಂಜಿನ್ನು ಗೊರಗೊರ ಅಂದರೂ ಇಬ್ಬರೂ ಕೇಳಿಸದವರಂತೆ ಕೂತಿದ್ದರು.

ಒಬ್ಬೊಬ್ಬರಾಗಿ ಜನ ಸಿಕ್ಕರು. ಒಬ್ಬ ನರ್ಸು, ಒಬ್ಬ ಬೀಗ ರಿಪೇರಿಯವನು, ಮೂಲೆಯ ಸಲೂನಿನ ಕ್ಷೌರಿಕ, ನಿವೃತ್ತಿಗೆ ಹತ್ತಿರವಿದ್ದ ಲೆಕ್ಕದ ಮೇಡಂ. ಮೇಷ್ಟ್ರು ಖಾಲಿ ಮೈದಾನದಲ್ಲಿ ಟೈರುಗಳನ್ನಿಟ್ಟು ಅವರಿಗೆಲ್ಲ ತಿರುವು ಕಲಿಸುತ್ತಿದ್ದ. ಮುಂದಿನವನ ಒಳಪಕ್ಕಕ್ಕೆ ನುಗ್ಗಬೇಡಿ, ಜಾಗ ಕಂಡರೂ ನುಗ್ಗಬೇಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಒಂಬತ್ತು ಜನರಾದರು. ಹತ್ತನೆಯವನು ಅವಳ ತಮ್ಮ.

ತಮ್ಮನಿಗೆ ಇಪ್ಪತ್ನಾಲ್ಕು ವರ್ಷ. ಬೈಕಿನಲ್ಲಿ ಮನೆ ಮನೆಗೆ ಪಾರ್ಸಲ್ ತಲುಪಿಸುವ ಕೆಲಸ. ಅದಕ್ಕೇ ಎಲ್ಲರೂ 'ಪಾರ್ಸಲ್' ಎಂದೇ ಕರೆಯುತ್ತಿದ್ದರು.

"ಸುತರಾಂ ಆಗಲ್ಲ," ಎಂದಳು ಅವಳು. "ನಿನ್ನ ಅಳತೆಗೆ ನಾನು ಸೂಟು ಹೊಲಿಯಲ್ಲ."

"ಅಕ್ಕ, ಕ್ಷೌರಿಕನ ಸೂಟು ನನಗೂ ಆಗುತ್ತೆ. ನೀನೇ ತಾನೆ ಹಾಗೆ ಹೊಲಿದಿದ್ದು?"

ಕೊನೆಗೆ ಮೇಷ್ಟ್ರೇ ಮನೆಗೆ ಬಂದ. ಅವಳಮ್ಮ ಅವನಿಗೆ ಕುಡಿಯಲು ಕಾಫಿ ಕೊಟ್ಟು, ಎದುರಿಗೆ ಕೂತು, ಸುತ್ತು ಬಳಸದೆ ಕೇಳಿದಳು. "ಬಿದ್ರೆ?"

"ಬೀಳ್ತಾನೆ ಅಮ್ಮ. ಎದ್ದು ಬರ್ತಾನೆ. ಸಣ್ಣ ಗಾಡಿ. ರಸ್ತೇಲಿ ಇದೇ ಸ್ಪೀಡಲ್ಲಿ ಲಾರಿಗಳ ನಡುವೆ ಓಡಿಸ್ತಾನಲ್ಲ, ಇಲ್ಲಿ ಲಾರಿ ಇರಲ್ಲ. ನನ್ನ ಜವಾಬ್ದಾರಿ."

"ಅದು ದೊಡ್ಡ ಮಾತಪ್ಪ," ಎಂದಳು ಅಮ್ಮ.

"ಗೊತ್ತಿದ್ದೇ ಹೇಳ್ತಿದ್ದೀನಿ."

ಅಮ್ಮ ಮಗಳ ಕಡೆ ನೋಡಿದಳು. ಮಗಳು ಆ ಮನುಷ್ಯನನ್ನು ನೋಡುತ್ತಿದ್ದ ರೀತಿ ಕಂಡು, ಇನ್ನೇನೂ ಕೇಳದೆ ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು.

ರೇಸಿನ ಹಿಂದಿನ ಸಂಜೆ ಅಂಗಡಿಯಲ್ಲಿ ಅವಳು ತಮ್ಮನ ಸೂಟಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದಳು. ಮೇಷ್ಟ್ರು ಬಾಗಿಲಿಗೊರಗಿ ನಿಂತಿದ್ದ.

"ರೇಸು ಮುಗೀಲಿ. ನಿಮ್ಮ ಹತ್ರ ಒಂದು ಮಾತು ಹೇಳೋದಿದೆ."

"ಈಗಲೇ ಹೇಳಿ. ಮಷೀನ್ ನಿಲ್ಲಿಸ್ತೀನಿ."

"ಈಗ ಹೇಳಿದ್ರೆ ನಾಳೆ ಫ್ಲಾಗು ಹಿಡ್ಕೊಂಡು ಟ್ರ್ಯಾಕ್ ಬಿಟ್ಟು ನಿಮ್ಮನ್ನೇ ನೋಡ್ತಾ ನಿಂತಿರ್ತೀನಿ."

ಅವಳು ದಾರವನ್ನು ಹಲ್ಲಲ್ಲಿ ಕಡಿದು ಹೇಳಿದಳು. "ಹಾಗಾದ್ರೆ ನಾಳೆ. ನನ್ನ ಉತ್ತರ ಏನೂಂತ ನೀವೂ ಇವತ್ತು ಕೇಳಬೇಡಿ."

ಮರುದಿನ ಸಣ್ಣ ಬೈಕುಗಳು ಗುಂಯ್ ಅಂತ ಸಾಲಿಗೆ ಬಂದಾಗ ಗ್ಯಾಲರಿಯಲ್ಲಿ ನಗೆ ಎದ್ದಿತು. ಯಾರೋ ಸೊಳ್ಳೆ ಹೊಡೆಯುವವರಂತೆ ಚಪ್ಪಾಳೆ ತಟ್ಟಿದರು. ದೊಡ್ಡ ಬೈಕಿನವರು ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ತಮಾಷೆ ನೋಡಲು ಕೂತರು.

ಎರಡು ಸುತ್ತು ಕಳೆಯುವಷ್ಟರಲ್ಲಿ ನಗು ನಿಂತಿತು. ದೊಡ್ಡ ಬೈಕಿನ ರೇಸಿನಲ್ಲಿ ಒಬ್ಬ ಮುಂದೆ ಹೋದರೆ ಹೋದ, ಉಳಿದವರು ಚದುರಿಹೋಗುತ್ತಾರೆ. ಇಲ್ಲಿ ಎಲ್ಲ ಗಾಡಿಗಳದ್ದೂ ಒಂದೇ ಬಲ. ಹತ್ತೂ ಜನ ಒಂದೇ ಗೊಂಚಲಾಗಿ ತಿರುವಿಗೆ ಬಂದು, ಮೊಣಕಾಲು ನೆಲಕ್ಕೆ ತಾಗಿಸಿ, ಒಂದೇ ಗೊಂಚಲಾಗಿ ಆಚೆ ಬರುತ್ತಿದ್ದರು. ಲೆಕ್ಕದ ಮೇಡಂ ಬೀಗದವನನ್ನು ಹಿಂದೆ ಹಾಕಿದಾಗ ಜನ ಕೂಗಿದರು. ಕೊನೆಯ ಸುತ್ತಿಗೆ ಇಡೀ ಗ್ಯಾಲರಿ ಎದ್ದು ನಿಂತಿತ್ತು. ಸೆಕ್ರೆಟರಿಯೂ ನಿಂತಿದ್ದ. ದೂರದಲ್ಲಿ ಫ್ಲಾಗು ಹಿಡಿದಿದ್ದ ಮೇಷ್ಟ್ರು ಅವಳ ಕಡೆ ತಿರುಗಿ, ಹುಡುಗನಂತೆ ಬಾಯ್ತುಂಬ ನಕ್ಕ.

ಅದೇ ಸುತ್ತಿನಲ್ಲಿ, ಒಂದು ತಿರುವಿನಲ್ಲಿ, ತಮ್ಮ ಮುಂದಿನವನ ಒಳಪಕ್ಕಕ್ಕೆ ನುಗ್ಗಿದ.

ಮುಂದಿನ ಚಕ್ರ ಜಾರಿತು. ಬಿದ್ದವನು ಏಳುವ ಮೊದಲೇ ಹಿಂದಿದ್ದ ಕ್ಷೌರಿಕನ ಗಾಡಿ ಅವನ ಕತ್ತು ಭುಜಗಳ ನಡುವೆ ಬಡಿಯಿತು. ಸಣ್ಣ ಶಬ್ದ. ಗ್ಯಾಲರಿಗೆ ಅದು ಕೇಳಿಸಿರಲೂ ಇಲ್ಲ. ಜನ ಇನ್ನೂ ಕೂಗುತ್ತಲೇ ಇದ್ದರು.

ಆಸ್ಪತ್ರೆಯವರು ಸೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವಳ ಕೈಗಿತ್ತರು. ಎದೆಯುದ್ದಕ್ಕೂ ಕತ್ತರಿ ಓಡಿತ್ತು. ಅವಳ ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ. ಅದರಿಂದ ಯಾರಿಗೆ ಏನು ಬಂತು?

ಜೀವ ಉಳಿಯಿತು. ಕತ್ತಿನಿಂದ ಎಡಗೈಗೆ ಹೋಗುವ ನರಗಳು ಬೇರುಸಹಿತ ಕಿತ್ತುಬಂದಿವೆ ಎಂದರು ಡಾಕ್ಟರು. ಕೈ ಇರುತ್ತದೆ, ಬೆಚ್ಚಗೂ ಇರುತ್ತದೆ. ಆದರೆ ಇನ್ನು ಅದು ಅವನ ಮಾತು ಕೇಳುವುದಿಲ್ಲ.

ವರಾಂಡದಲ್ಲಿ ಗೋಡೆಗಂಟಿ ನಿಂತಿದ್ದ ಮೇಷ್ಟ್ರ ಮುಂದೆ ಅಮ್ಮ ಬಂದು ನಿಂತಳು. ಕೂಗಾಡಲಿಲ್ಲ.

"ನಿಮ್ಮ ಜವಾಬ್ದಾರಿ ಅಂದಿದ್ರಿ. ಒಳಗೆ ಮಲಗಿದೆ, ಹೋಗಿ ನೋಡ್ಕೊಳ್ಳಿ. ಇನ್ನು ನನ್ನ ಮನೆ ಹೊಸ್ತಿಲು ಮಾತ್ರ ತುಳೀಬೇಡಿ."

ಅವನು ತುಳಿಯಲಿಲ್ಲ. ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬೆಳಗಾದರೆ ಕಾರು ತಂದು ಬೀದಿಯಲ್ಲಿ ನಿಲ್ಲಿಸುತ್ತಿದ್ದ. ತಮ್ಮನನ್ನು ವ್ಯಾಯಾಮದ ಚಿಕಿತ್ಸೆಗೆ ಕರೆದೊಯ್ದು, ವಾಪಸು ತಂದು, ಮೆಟ್ಟಿಲ ಬುಡದಲ್ಲಿ ಬಿಟ್ಟು ಹೋಗುತ್ತಿದ್ದ. ಅಮ್ಮ ಆ ಹೊತ್ತಿಗೆ ಕಿಟಕಿ ಮುಚ್ಚುತ್ತಿದ್ದಳು. ಕ್ಷೌರಿಕ ತನ್ನ ಬೈಕು ಮಾರಿಬಿಟ್ಟ. ಮನೆಯವರು ಯಾರಾದರೂ ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ.

ಮನೆಯಲ್ಲಿ ಅಮ್ಮ ಮಗನ ಅಂಗಿಯ ಗುಂಡಿ ಹಾಕುತ್ತಿದ್ದಳು. ಅವನು ಮುಖ ಆಚೆ ತಿರುಗಿಸಿ ನಿಂತಿರುತ್ತಿದ್ದ. ಮಗಳು ಅದನ್ನು ನೋಡಿಯೇ ಅಂಗಡಿಗೆ ಹೊರಡುತ್ತಿದ್ದಳು.

ಒಂದು ದಿನ ಮೇಷ್ಟ್ರು ಅಂಗಡಿಯ ಬಾಗಿಲಿಗೆ ಬಂದ. ಸೊರಗಿದ್ದ. ಒಳಗೆ ಬರಲೇ ಎಂದು ಕೇಳುವ ಧೈರ್ಯವೂ ಇರಲಿಲ್ಲ.

"ಬೈದಾದರೂ ಬೈದುಬಿಡಿ," ಎಂದ.

"ಬೈಯೋಕೆ ನಿಮ್ಮ ಮೇಲೆ ಕೋಪ ಇದ್ದಿದ್ರೆ ಎಷ್ಟೋ ಸುಲಭ ಇತ್ತು." ಅವಳು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. "ಬೆಳಿಗ್ಗೆ ನಿಮ್ಮ ಕಾರಿನ ಸದ್ದು ಕೇಳಿದ್ರೆ ನನಗೆ ಸಂತೋಷ ಆಗುತ್ತೆ ಮೇಷ್ಟ್ರೇ. ತಮ್ಮ ಆ ಕೈನ ಎತ್ತಿ ತೊಡೆ ಮೇಲೆ ಇಟ್ಕೊಳ್ತಿರ್ತಾನೆ, ಅದೇ ಹೊತ್ತಿಗೆ ನನಗೆ ಸಂತೋಷ ಆಗುತ್ತೆ. ಅದನ್ನ ನನಗೆ ಸಹಿಸೋಕಾಗ್ತಿಲ್ಲ. ಹೋಗಿ. ದಯವಿಟ್ಟು ಹೋಗಿ."

ಅವನು ಹೋದ. ಮರುದಿನದಿಂದ ಕಾರನ್ನು ಬೀದಿಯ ತಿರುವಿನಾಚೆ, ಸದ್ದು ಕೇಳಿಸದ ಕಡೆ ನಿಲ್ಲಿಸತೊಡಗಿದ. ತಮ್ಮ ಅಲ್ಲಿಯವರೆಗೆ ನಡೆದು ಹೋಗುತ್ತಿದ್ದ.

ಅವಳ ಮಷೀನು ಓಡುತ್ತಲೇ ಇತ್ತು. ಬೇರೆಯವರ ಸೂಟುಗಳು ಬಂದವು, ಹೋದವು. ಕಿವಿ ಮಾತ್ರ ಬೆಳಗಿನ ಹೊತ್ತು ಆ ಸದ್ದಿಗೆ ಕಾಯುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ತಮ್ಮನೇ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಕೈ ಮಲಗಿತ್ತು.

"ಸೆಕ್ರೆಟರಿ ಮತ್ತೆ ಸೊಳ್ಳೆ ರೇಸು ಮಾಡಿಸ್ತಾನಂತೆ," ಎಂದ. "ಅವತ್ತು ಜನ ಎದ್ದು ನಿಂತಿದ್ದು ನೋಡಿದ್ನಲ್ಲ. ಈಗ ಹೆಸರು ಕೊಟ್ಟೋರು ನಲವತ್ತು ಜನ ಇದ್ದಾರೆ. ಮೇಷ್ಟ್ರು ತಾನು ಬರಲ್ಲ ಅಂದ್ರಂತೆ. ಬರದಿದ್ರೆ ಬೇಡ, ಕಲಿಸೋದೂ ಬೇಡ, ಜೀನ್ಸ್ ಹಾಕ್ಕೊಂಡಾದರೂ ಓಡಿಸಲಿ ಅಂತಿದ್ದಾನೆ ಸೆಕ್ರೆಟರಿ."

"ನನಗ್ಯಾಕೆ ಹೇಳ್ತಿದ್ದೀಯ?"

"ಮೇಷ್ಟ್ರು ನಿನ್ನ ಮಾತು ಬಿಟ್ಟರೆ ಇನ್ಯಾರ ಮಾತೂ ಕೇಳಲ್ಲ, ಅದಕ್ಕೆ."

ಅವಳು ಮಷೀನು ತುಳಿಯುವುದನ್ನು ನಿಲ್ಲಿಸಿದಳು.

"ನುಗ್ಗಬೇಡ ಅಂತ ಅವರು ನೂರು ಸಲ ಹೇಳಿದ್ರು ಅಕ್ಕ. ನುಗ್ಗಿದ್ದು ನಾನು." ತಮ್ಮ ನೆಲ ನೋಡುತ್ತಿದ್ದ. "ಜನ ಎದ್ದು ನಿಂತಿದ್ರಲ್ಲ. ದಿನಾ ಅಷ್ಟು ಮನೆ ಬಾಗಿಲು ತಟ್ಟಿದ್ದೀನಿ, ಒಬ್ಬರೂ ಮುಖ ನೋಡಿ ಪಾರ್ಸಲ್ ತಗೊಂಡಿದ್ದಿಲ್ಲ. ಅವತ್ತು ನನ್ನನ್ನ ನೋಡೋಕೆ ಎದ್ದು ನಿಂತಿದ್ರು. ತಲೆ ತಿರುಗಿಬಿಡ್ತು."

"ಇದನ್ನ ಅಮ್ಮನಿಗೆ ಹೇಳಿದ್ದೀಯಾ?"

"ಹೇಳ್ದೆ. ಮಗನ ತಪ್ಪು ಅಂತ ಒಪ್ಕೊಂಡ್ರೆ ಅವಳಿಗೆ ಬೈಯೋಕೆ ಯಾರು ಉಳೀತಾರೆ? ಕೇಳಿಸ್ಕೊಳ್ಳಲಿಲ್ಲ." ಅವನು ಎದ್ದ. "ನೀನು ನಗೋದನ್ನ ಬಿಟ್ಟರೆ ನನ್ನ ಕೈ ವಾಪಸು ಬರುತ್ತೇನು? ಮನೇಲಿ ಮೂರು ಜನ ಇದ್ದೀವಿ. ಮೂವರಿಗೂ ಲಕ್ವ ಹೊಡೆದ ಹಾಗೆ ಕೂತ್ರೆ ನಾನೇ ಎಲ್ಲಾದರೂ ಓಡಿಹೋಗ್ತೀನಿ ನೋಡು."

ಅವಳು ಅಂಗಡಿಯ ಬಾಗಿಲನ್ನೂ ಹಾಕದೆ ಬೀದಿಯ ಕೊನೆಯವರೆಗೆ ನಡೆದಳು.

ಡ್ರೈವಿಂಗ್ ಸ್ಕೂಲಿನ ಕೋಣೆಯಲ್ಲಿ ಟ್ರಾಫಿಕ್ ಚಿಹ್ನೆಗಳ ಚಾರ್ಟಿನ ಕೆಳಗೆ ಅವನೊಬ್ಬನೇ ಕೂತಿದ್ದ. ಅವಳನ್ನು ಕಂಡು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ರೇಸು ನೀವೇ ನಡೆಸಬೇಕು," ಎಂದಳು.

"ನನಗೆ ಭಯ ಆಗುತ್ತೆ. ಗಾಡಿ ಸದ್ದು ಕೇಳಿದ್ರೆ ಅಂಗೈ ಬೆವರುತ್ತೆ."

"ಭಯ ಇರೋರೇ ನಡೆಸಬೇಕು. ಭಯ ಇಲ್ಲದ ಸೆಕ್ರೆಟರಿ ನಲವತ್ತು ಜನರನ್ನ ಜೀನ್ಸ್ ಹಾಕಿಸಿ ಬಿಡ್ತಾನೆ. ಅವರಲ್ಲೂ ಯಾರ್ಯಾರದೋ ತಮ್ಮಂದಿರಿದ್ದಾರೆ." ಅವಳು ಉಸಿರು ತೆಗೆದುಕೊಂಡಳು. "ಸೂಟು ನಾನು ಹೊಲೀತೀನಿ."

ಅವನು ಬಿದ್ದ ಕುರ್ಚಿಯನ್ನು ಎತ್ತಲೂ ಮರೆತು ನಿಂತಿದ್ದ. "ಮತ್ತೆ ಯಾರಾದರೂ ಬಿದ್ರೆ?"

"ಬೀಳ್ತಾರೆ. ಇಬ್ಬರೂ ಓಡಿಹೋಗಿ ಎತ್ತೋಣ. ಎದ್ದು ಬರ್ತಾರೆ ಅಂತ ಮಾತ್ರ ಇನ್ನು ಯಾರ ಅಮ್ಮನಿಗೂ ಹೇಳಬೇಡಿ."

ಅವನು ತಲೆಯಾಡಿಸಿದ. ಕಣ್ಣು ತುಂಬಿತ್ತು. ಅವಳು ಕಿಟಕಿಯಾಚೆ ನೋಡಿದಳು, ಚಾರ್ಟು ನೋಡಿದಳು, ಕೊನೆಗೆ ಬೇರೆ ದಾರಿಯಿಲ್ಲದೆ ಅವನ ಮುಖ ನೋಡಿದಳು.

"ಇವತ್ತೂ ಆಗ್ತಿದೆ," ಎಂದಳು.

"ಏನು?"

"ಸಂತೋಷ. ಹಾಳಾದ್ದು, ಇಷ್ಟು ದಿನ ಆದ್ರೂ ಹೋಗ್ತಾನೇ ಇಲ್ಲ."

ಅವನು ಹೇಳಬೇಕೆಂದಿದ್ದ ಮಾತನ್ನು ಆಗ ಹೇಳಿದ. ಹೇಳುವಾಗ ಅಳುತ್ತಿದ್ದುದರಿಂದ ಅರ್ಧ ಮಾತು ಅವಳಿಗೆ ತಿಳಿಯಲೇ ಇಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ.

ಎರಡನೆಯ ರೇಸಿನಲ್ಲಿ ಹದಿನೈದು ಜನರಿದ್ದರು. ಕಲಿತು ಪಾಸಾಗದವರನ್ನು ಮೇಷ್ಟ್ರು ಟ್ರ್ಯಾಕಿಗೆ ಬಿಡಲಿಲ್ಲ, ಸೆಕ್ರೆಟರಿ ಎಷ್ಟು ಹಾರಾಡಿದರೂ. ತಮ್ಮ ಆ ತಿರುವಿನಲ್ಲೇ ಒಂದೇ ಕೈಯಲ್ಲಿ, ಅಪಾಯ ಕಂಡರೆ ಬೀಸುವ ಹಳದಿ ಫ್ಲಾಗು ಹಿಡಿದು ನಿಂತ. ಬೀಗದವನು ಬಿದ್ದ. ಅವಳು ಮೇಷ್ಟ್ರ ಕೈಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು. ಬೀಗದವನು ಎದ್ದು, ಗಾಡಿಯನ್ನು ಒಮ್ಮೆ ಒದ್ದು, ಕುಂಟುತ್ತಾ ಆಚೆ ನಡೆದ. ಇಬ್ಬರೂ ಬಹಳ ಹೊತ್ತು ಕೈ ಬಿಡಲಿಲ್ಲ.

ಮದುವೆ ರಿಜಿಸ್ಟರ್ ಕಚೇರಿಯಲ್ಲಿ ಆಯಿತು. ತಮ್ಮ ಬಲಗೈಯಲ್ಲಿ ಸಾಕ್ಷಿಯ ಸಹಿ ಹಾಕಿದ. ಕ್ಷೌರಿಕ ಬಂದು ಬಾಗಿಲ ಹೊರಗೇ ನಿಂತಿದ್ದ. ತಮ್ಮನೇ ಹೋಗಿ ಒಳಗೆ ಕರೆತಂದ. ಅಮ್ಮ ಬರಲಿಲ್ಲ.

ಸಂಜೆ ಅವಳು ತನ್ನ ಬಟ್ಟೆಗಳನ್ನು ತೆಗೆದುಕೊಳ್ಳಲು ಮನೆಗೆ ಹೋದಳು. ಅಮ್ಮ ಅವುಗಳನ್ನೆಲ್ಲ ಮಡಿಚಿ, ಚೀಲಕ್ಕೆ ತುಂಬಿ, ಜಿಪ್ಪು ಹಾಕಿ ಇಟ್ಟಿದ್ದಳು. ಅವಳು ಕಾಲಿಗೆ ಬಗ್ಗಿದಾಗ ಅಮ್ಮ ಹಿಂದೆ ಸರಿಯಲಿಲ್ಲ. ತಲೆ ಸವರಿದಳು.

"ನಿನ್ನ ಮೇಲೆ ನನಗೇನಿಲ್ಲ ಮಗಳೇ. ಬರ್ತಾ ಹೋಗ್ತಾ ಇರು. ಆದ್ರೆ ಅವನ ಮುಖ ನಾನು ಸಾಯೋವರೆಗೂ ನೋಡಲ್ಲ. ನನ್ನ ಕೈಲಿ ಆಗಲ್ಲ."

"ಗೊತ್ತಮ್ಮ."

"ಅವನಿಗೂ ಹೇಳು."

ಅವಳು ಚೀಲ ಹಿಡಿದು ಮೆಟ್ಟಿಲಿಳಿದಳು. ಅವನು ರಸ್ತೆಯಲ್ಲಿ, ಕಾರಿನ ಪಕ್ಕ, ಮುಚ್ಚಿದ ಕಿಟಕಿಗೆ ಬೆನ್ನು ಹಾಕಿ ನಿಂತಿದ್ದ. ಚೀಲ ಇಸಿದುಕೊಂಡು ಹಿಂದಿನ ಸೀಟಿನಲ್ಲಿಟ್ಟ. ಕೇಳಬಾರದೆಂದುಕೊಂಡಿದ್ದರೂ ಕೇಳಿಯೇಬಿಟ್ಟ.

"ಏನಂದ್ರು?"

ಅವಳು ಒಳಗೆ ಕೂತು, ಸೆರಗು ಸರಿಮಾಡಿಕೊಂಡು, ರಸ್ತೆ ನೋಡುತ್ತಾ ಹೇಳಿದಳು. "ಹುಷಾರಾಗಿ ಕರ್ಕೊಂಡು ಹೋಗು ಅಂತ ಹೇಳು ಅಂದ್ರು."

ಅದು ಸುಳ್ಳೆಂದು ಅವನಿಗೆ ತಿಳಿಯಿತು. ಅವನಿಗೆ ತಿಳಿಯಿತೆಂದು ಅವಳಿಗೂ ತಿಳಿಯಿತು. ಅವನು ತಲೆಯಾಡಿಸಿ ಗಾಡಿ ಶುರುಮಾಡಿದ, ಮತ್ತು ದಾರಿಯುದ್ದಕ್ಕೂ ಬಹಳ ಹುಷಾರಾಗಿ ಓಡಿಸಿದ.